ಆಡೂರಿನ ಆಡು, ಹುಲಿ ಮತ್ತು ಸಿಜಿಪಿಎ

ಕನ್ನಡದಲ್ಲಿ ‘ಆಡು’ ಎಂಬುದು ಸಿಕ್ಕ ಸೊಪ್ಪನ್ನೆಲ್ಲ ಮೇಯುವ ಪ್ರಾಣಿಯ ಹೆಸರೂ ಹೌದು, ಆಟಕ್ಕೆ ಕರೆಯುವ ಕ್ರಿಯಾಪದವೂ ಹೌದು. ಹಾನಗಲ್ಲ ತಾಲ್ಲೂಕಿನ ಆಡೂರಿಗೆ ಆ ಹೆಸರು ಯಾವುದರಿಂದ ಬಂತೆಂಬ ತಕರಾರನ್ನು ಶಾಸನತಜ್ಞರಿಗೆ ಬಿಟ್ಟರೂ, ಅಲ್ಲಿನ ಮಕ್ಕಳ ಕಿವಿಗೆ ಬೀಳುವುದು ಮಾತ್ರ ‘ಆಡಿದ್ದು ಸಾಕು, ಓದಾಕ ಕುಂದರು’ ಎಂಬ ಗೃಹಶಾಸನವೇ. ಅದನ್ನು ಪಾಲಿಸಿ ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸೇರಿದ ವಿದ್ಯಾರ್ಥಿಯು ಮುಂದೆ ವಿಡಿಯೊ ಗೇಮ್ ಮಾಡುವ ನೌಕರಿಯನ್ನೇ ಬಯಸಿದರೆ, ಶಾಸನಕ್ಕೆ ಹೊಸ ವ್ಯಾಖ್ಯಾನ ಬೇಕಾಗುತ್ತದೆ.

ಆ ನೌಕರಿಗೆ ಸಿಜಿಪಿಎ ಎಷ್ಟು ಬೇಕೆಂಬುದೇ ಮೊದಲ ಪ್ರಶ್ನೆ. ಸಿಜಿಪಿಎ ಎಂದರೆ ಎಲ್ಲ ಸೆಮಿಸ್ಟರುಗಳ ಗ್ರೇಡ್ ಅಂಕಗಳನ್ನು ಆಯಾ ವಿಷಯದ ತೂಕಕ್ಕೆ ತಕ್ಕಂತೆ ಕೂಡಿಸಿ, ಹತ್ತರ ಅಳತೆಯಲ್ಲಿ ಹೇಳುವ ಸರಾಸರಿ. ಆ ಕಾಲೇಜಿನ ವಿಶ್ವವಿದ್ಯಾಲಯವಾದ ವಿಟಿಯುವಿನ 2015ರ ಪಠ್ಯಕ್ರಮದಲ್ಲಿ ಅದನ್ನು ಶೇಕಡಾವಾರು ಮಾಡುವಾಗ, ಬ್ಯಾಡಗಿ ಮೆಣಸಿನಕಾಯಿ ತೂಗುವವರು ಚೀಲದ ತೂಕ ಕಳೆಯುವಂತೆ, ಮೊದಲು 0.75 ಕಳೆದು ಆಮೇಲೆ ಹತ್ತರಿಂದ ಗುಣಿಸುತ್ತಿದ್ದುದರಿಂದ, 8 ಗಳಿಸಿದವನು 72.5ಕ್ಕೆ ಇಳಿಯುತ್ತಿದ್ದನು. ಕ್ಯಾಂಪಸ್ಸಿಗೆ ಬರುವ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಸಾಮಾನ್ಯವಾಗಿ ಶೇ. 60ರ ಗೆರೆ ಎಳೆದು, ಬ್ಯಾಕ್‌ಲಾಗ್ ಅಂದರೆ ಪಾಸಾಗದೆ ಬೆನ್ನಿಗಂಟಿದ ವಿಷಯ ಇರಬಾರದೆನ್ನುವುದರಿಂದ, ಅಂಕವು ಬಾಗಿಲು ಕಾಯುವ ಗೂರ್ಖನ ಕೆಲಸವನ್ನಂತೂ ಮಾಡುತ್ತದೆ. ಆದರೆ ಒಳಗೆ ಕರೆದು ಊಟಕ್ಕೆ ಕೂರಿಸುವ ಅಧಿಕಾರ ಗೂರ್ಖನಿಗಿಲ್ಲ.

ಹಾವೇರಿ ಜಿಲ್ಲೆಯಾದ 1997ರಲ್ಲೇ ಬೆಂಗಳೂರಿನಲ್ಲಿ ಆರಂಭವಾಗಿ, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡ ಧ್ರುವ ಇಂಟರಾಕ್ಟಿವ್‌ನಿಂದ ಇಲ್ಲಿ ಬೆಳೆದ ವಿಡಿಯೊ ಗೇಮ್ ಉದ್ಯಮದಲ್ಲಿ, ಹೆಚ್ಚಿನ ತೂಕ ಪೋರ್ಟ್‌ಫೋಲಿಯೊಗೆ, ಅಂದರೆ ಅಭ್ಯರ್ಥಿ ಸ್ವತಃ ಮಾಡಿದ ಕೆಲಸದ ಮಾದರಿಗಳಿಗೆ. ಕಲಾವಿದನಾದರೆ ಮೂರು ಆಯಾಮದ ಆಕೃತಿ, ಪ್ರೋಗ್ರಾಮರನಾದರೆ ಓಡುವ ಆಟ. ಕಟ್ಟೆಯ ಕಲ್ಲಿನ ಮೇಲೆ ಗೀರಿ ಆಡುವ ಆಡು-ಹುಲಿ ಆಟವನ್ನೇ, ಮೂರು ಹುಲಿ ಹದಿನೈದು ಆಡುಗಳೊಡನೆ, ಮೊಬೈಲಿಗೆ ಇಳಿಸಿದನೆನ್ನೋಣ: ನಿಯಮ ಮೀರಿ ಹುಲಿಯೊಂದು ಒಮ್ಮೆಲೇ ಎರಡು ಆಡುಗಳನ್ನು ಹಾರಿ ನುಂಗಿದರೆ, ಅಂಕಪಟ್ಟಿಯಲ್ಲಿ ಎಷ್ಟೇ ಇದ್ದರೂ ಆ ಹುಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆ ಉತ್ತರಕ್ಕೆ ಮೂರು ಗಂಟೆ ಕೊಟ್ಟರೆ, ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದ ಆಟವು ಒಂದೊಂದು ಚಿತ್ರಕ್ಕೆ ಕೊಡುವುದು ಸುಮಾರು 16.7 ಮಿಲಿಸೆಕೆಂಡು, ಹೆಚ್ಚುವರಿ ಹಾಳೆ ಕೇಳುವಂತಿಲ್ಲ.

ಹಾಗೆಂದು ಓದು ವ್ಯರ್ಥವಲ್ಲ: ಮೂರು ಆಯಾಮದ ಆಟದಲ್ಲಿ ಹುಲಿ ತಿರುಗಬೇಕಾದರೂ, ಪರೀಕ್ಷೆಯ ಮರುದಿನವೇ ಮರೆತ ಮ್ಯಾಟ್ರಿಕ್ಸ್ ಬೇಕು. ಆದ್ದರಿಂದ ಮನೆಯವರ ಆಜ್ಞೆ ತಪ್ಪಲ್ಲ, ಅರ್ಧ ಮಾತ್ರ. ಉಳಿದರ್ಧವನ್ನು ಸಂದರ್ಶಕನು ಮೇಜಿನಾಚೆಯಿಂದ ಪೂರ್ತಿಗೊಳಿಸುತ್ತಾನೆ: ‘ಓದಿದ್ದು ಸಾಕು, ಏನು ಆಡಿಸ್ತೀರಿ ತೋರಿಸಿ.’