‘ಬರ್ಲಿಲ್ಲ ಸಾರ್’ನಿಂದ ‘ಬೇಕಂತ್ಲೇ ಮಾಡಿದ್ದು ಸಾರ್’ವರೆಗೆ: ದಾವಣಗೆರೆ–ಹರಿಹರ ಸೀಮೆಯ ಚಿತ್ರವಿದ್ಯಾರ್ಥಿಗಳ ವರ್ಗನಿರ್ಣಯ ಮೀಮಾಂಸೆ

ಚಿತ್ರಕಲೆ ಓದುವ ಹುಡುಗ ಯಾವ ಗಳಿಗೆಯಲ್ಲಿ ಆರಂಭಿಕನ ದೆಸೆ ಕಳೆದು ಮಧ್ಯಮನಾಗುತ್ತಾನೆ ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತಿಕೊಂಡಿಲ್ಲ. ಅವರಿಗೆ ಮಾಡಲು ಬೇರೆ ಕೆಲಸವಿತ್ತು. ಪ್ರಕೃತ ಸಂಶೋಧಕನಿಗೆ ಅಂಥ ಅಡಚಣೆ ಇಲ್ಲದ ಕಾರಣ ಈ ಪ್ರಬಂಧ ಸಾಧ್ಯವಾಗಿದೆ. ಇಲ್ಲಿ ಹುಡುಗ ಎಂದಲ್ಲೆಲ್ಲ ಹುಡುಗಿ ಎಂದೂ ಓದಿಕೊಳ್ಳತಕ್ಕದ್ದು.

ಕ್ಷೇತ್ರಕಾರ್ಯಕ್ಕೆ ದಾವಣಗೆರೆಯನ್ನು ಆರಿಸಿದ್ದು ಬೆಣ್ಣೆ ದೋಸೆಗಾಗಿ ಎಂದು ಕೆಲವು ವಿದ್ವಾಂಸರು ಆಡಿಕೊಂಡಿದ್ದಾರೆ. ಇದು ಅರ್ಧಸತ್ಯ. ಉಳಿದರ್ಧ ಹೀಗಿದೆ: ಈ ಊರಿನಲ್ಲಿ ಚಿತ್ರಕಲಾ ಶಾಲೆ ಶುರುವಾದದ್ದು 1964ರಲ್ಲಿ. ಅದೇ ಮುಂದೆ ದೃಶ್ಯಕಲಾ ಮಹಾವಿದ್ಯಾಲಯವಾಗಿ, 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾನಿಲಯದ ತೆಕ್ಕೆಗೆ ಬಂತು. ನಾಲ್ಕು ವರ್ಷದ ಬಿವಿಎ ಪದವಿ ಕೊಡುತ್ತದೆ. ಊರಿನ ಹೆಸರಾಂತ ಜೆಜೆಎಂ ವೈದ್ಯಕೀಯ ಕಾಲೇಜು ತೆರೆದದ್ದು 1965ರಲ್ಲಿ. ಅಂದರೆ ದಾವಣಗೆರೆ ಮನುಷ್ಯನನ್ನು ಹೊರಗಿನಿಂದ ಬರೆಯುವುದನ್ನು ಕಲಿತು ಒಂದು ವರ್ಷವಾದ ಮೇಲೆಯೇ ಒಳಗಿನಿಂದ ಕೊಯ್ಯುವುದಕ್ಕೆ ಕೈಹಾಕಿದೆ. ಇಷ್ಟು ಹಿರಿತನವಿದ್ದೂ ಮದುವೆ ಮನೆಯ ಪಂಕ್ತಿಯಲ್ಲಿ ‘ಬಿವಿಎ ಓದ್ತಿದೀನಿ ಮಾವ’ ಎಂದವನಿಗೆ ‘ಬಿಬಿಎನಾ? ಒಳ್ಳೇದಾಯ್ತು ಬಿಡು, ಬ್ಯಾಂಕಿಗೆ ಹೋಗಬಹುದು’ ಎಂಬ ಆಶೀರ್ವಾದ ಸಿಗುತ್ತದೆ. ತಿದ್ದಿ ಹೇಳಿದರೆ, ಅದೇ ಮಾವ ಎಲೆಗೆ ಅನ್ನ ಹಾಕಿಸಿಕೊಳ್ಳುತ್ತಾ, ಹೊಸ ಗಾಡಿಯ ನಂಬರ್ ಪ್ಲೇಟ್ ಯಾವತ್ತು ಬರೆದು ಕೊಡ್ತೀಯ ಎಂದು ಕೇಳುತ್ತಾರೆ.

ಮೊದಲು ಪೂರ್ವಪಕ್ಷ. ಮೊದಲ ವರ್ಷ ಪಾಸಾದವನು ಮಧ್ಯಮ ಎನ್ನುವುದು ಕಚೇರಿಯ ಮತ. ಅದಕ್ಕೆ ಅಂಕಪಟ್ಟಿಯೊಂದೇ ಆಧಾರ. ಅಂಕಪಟ್ಟಿಗೆ ಮಡಕೆ ಬರೆಯಲು ಬರುವುದಿಲ್ಲ. ಇಟಲಿಯ ಚೆನ್ನಿನೊ ಚೆನ್ನಿನಿ ಎಂಬಾತ 1400ರ ಆಸುಪಾಸಿನಲ್ಲಿ ಬರೆದ ಕೈಪಿಡಿಯಲ್ಲಿ ಶಿಷ್ಯನಾದವನು ಒಂದು ವರ್ಷ ರೇಖೆ ತಿದ್ದಬೇಕು, ಆರು ವರ್ಷ ಬಣ್ಣ ಅರೆಯುವುದು, ಹಲಗೆ ಹದಮಾಡುವುದು, ಇನ್ನೂ ಆರು ವರ್ಷ ಬಣ್ಣ ಹಚ್ಚುವುದು ಎಂದು ಹದಿಮೂರು ವರ್ಷದ ಲೆಕ್ಕ ಕೊಟ್ಟಿದ್ದಾನೆ. ಈ ಮತವನ್ನು ದಾವಣಗೆರೆಯ ಯಾವ ತಂದೆಯೂ ಅಂಗೀಕರಿಸಲಾರ. ಮೂರನೆಯದು ಸಾಮಗ್ರೀವಾದ: ಎಚ್‌ಬಿ ಪೆನ್ಸಿಲ್‌ನಿಂದ 6ಬಿಗೆ, ಸಾದಾ ಚೀಲದಿಂದ ಜೋಳಿಗೆಗೆ, ನುಣ್ಣನೆ ಗಲ್ಲದಿಂದ ಗಡ್ಡಕ್ಕೆ ದಾಟಿದವನೇ ಮಧ್ಯಮ. ಇದೂ ನಿಲ್ಲುವುದಿಲ್ಲ. ಪೆನ್ಸಿಲ್ಲಿನಲ್ಲಿ ಜೇಡಿಮಣ್ಣು ಕಡಿಮೆಯಾಗಿ ಗ್ರಾಫೈಟ್ ಹೆಚ್ಚಾದಷ್ಟೂ ಗೆರೆ ಕಪ್ಪಾಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ಗಡ್ಡದ ವಿಷಯವಂತೂ ಹುಡುಗಿಯರನ್ನು ಶಾಶ್ವತವಾಗಿ ಆರಂಭಿಕರ ಸಾಲಿನಲ್ಲೇ ಕೂರಿಸಿಬಿಡುತ್ತದೆ. ಆದರೆ ತರಗತಿಯಲ್ಲಿ ಚೆನ್ನಾಗಿ ಬರೆಯುವವರು ಸಾಮಾನ್ಯವಾಗಿ ಅವರೇ.

ಇನ್ನು ಸಿದ್ಧಾಂತ. ವಿದ್ಯಾರ್ಥಿಯ ಮಟ್ಟವು ಅವನ ಚಿತ್ರದಲ್ಲಿಲ್ಲ, ಮೇಷ್ಟ್ರು ಚಿತ್ರದ ಮುಂದೆ ನಿಂತಾಗ ಅವನ ಬಾಯಿಂದ ಬರುವ ವಾಕ್ಯದಲ್ಲಿದೆ. ಸೊಟ್ಟಗಿರುವ ಮಡಕೆ ತೋರಿಸಿ ‘ಇದೇನಪ್ಪಾ?’ ಎಂದರೆ ಆರಂಭಿಕನು ‘ಬರ್ಲಿಲ್ಲ ಸಾರ್’ ಎನ್ನುತ್ತಾನೆ. ಮಧ್ಯಮನು ಅದೇ ಸೊಟ್ಟ ಮಡಕೆಗೆ ‘ಬೇಕಂತ್ಲೇ ಹಂಗ್ ಮಾಡಿದ್ದು ಸಾರ್’ ಎನ್ನುತ್ತಾನೆ. ಮಡಕೆಯಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ.

ಪ್ರಮಾಣಗಳಿಗೆ ಬರೋಣ. ಸ್ಟಿಲ್ ಲೈಫ್ ಎಂಬ ವಿಧಿಯಲ್ಲಿ ಸ್ಟೂಲಿನ ಮೇಲೆ ಬಟ್ಟೆ ಹಾಸಿ ಒಂದು ಮಡಕೆ, ಒಂದು ಖಾಲಿ ಸೀಸೆ, ಒಂದೆರಡು ಬದನೆಕಾಯಿ ಇಡಲಾಗುತ್ತದೆ. ಸುತ್ತಲೂ ಡಾಂಕಿ ಎಂಬ ಮರದ ಪೀಠಗಳನ್ನೇರಿ ವಿದ್ಯಾರ್ಥಿಗಳು ಕೂರುತ್ತಾರೆ. ಬದನೆಕಾಯಿ ಸೋಮವಾರ ನೇರಳೆ, ಗುರುವಾರ ಕಂದು. ಸಬ್‌ಮಿಷನ್ ಹೊತ್ತಿಗೆ ಅದನ್ನು ನೋಡಿ ಬರೆಯುವುದಕ್ಕಿಂತ ವಾಸನೆ ನೋಡಿ ಬರೆಯುವುದು ಸುಲಭ. ಕಂಟಕವಿರುವುದು ಮಡಕೆಯಲ್ಲಿ. ಮಡಕೆಯ ಬಾಯಿ ಗುಂಡಗಿದೆ ಎಂದು ಆರಂಭಿಕನಿಗೆ ಗೊತ್ತು, ಆದ್ದರಿಂದ ಬಾವಿಯೊಳಗೆ ಇಣುಕಿದಂತೆ ಗುಂಡಗೇ ಬರೆಯುತ್ತಾನೆ. ಮಡಕೆ ನೆಲದ ಮೇಲೆ ಕೂತಿದೆ ಎಂದೂ ಗೊತ್ತು, ಆದ್ದರಿಂದ ತಳಕ್ಕೆ ಸ್ಕೇಲ್ ಇಟ್ಟು ನೇರ ಗೆರೆ ಎಳೆಯುತ್ತಾನೆ. ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ವೃತ್ತ ಅಂಡಾಕಾರವಾಗಿ ಕಾಣುತ್ತದೆ, ಕೆಳಕ್ಕೆ ಹೋದಷ್ಟೂ ತುಂಬಿಕೊಳ್ಳುತ್ತದೆ, ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಿರಬೇಕು. ಇದನ್ನು ಹೇಳಿದರೆ ಅವನು ತಲೆಯಾಡಿಸಿ, ಅಂಡಾಕಾರದ ಎರಡೂ ತುದಿಗಳನ್ನು ಮೀನಿನ ಹಾಗೆ ಚೂಪು ಮಾಡುತ್ತಾನೆ. ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಬರೆಯುವುದೇ ಮೊದಲ ವರ್ಷದ ಸಮಸ್ತ ಪಠ್ಯ. ಜ್ಞಾನವೇ ಬಂಧನಕ್ಕೆ ಕಾರಣವೆಂದು ಬೇರೆ ಯಾವ ಕಾಲೇಜೂ ಇಷ್ಟು ಬಿಡಿಸಿ ಹೇಳಿಕೊಡುವುದಿಲ್ಲ, ಅದೂ ಶುಲ್ಕ ತೆಗೆದುಕೊಂಡು.

ಎರಡನೆಯ ಪ್ರಮಾಣ ಹುಲ್ಲು. ಪಾದ ಬರೆಯುವುದು ಕಷ್ಟ, ಅಂಗೈ ಇನ್ನೂ ಕಷ್ಟ. ಆದುದರಿಂದ ಆರಂಭಿಕನ ಸಂಯೋಜನೆಯಲ್ಲಿ ಜನರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೊಣಕಾಲುದ್ದ ಹುಲ್ಲಿನಲ್ಲಿ ನಿಂತಿರುತ್ತಾರೆ. ಚಿತ್ರದ ವಿಷಯ ಮಂಡಿಪೇಟೆಯ ವ್ಯಾಪಾರವಿರಲಿ, ರೈಲ್ವೆ ಸ್ಟೇಷನ್ ಇರಲಿ, ಹುಲ್ಲು ಇರಲೇಬೇಕು. ಏಪ್ರಿಲ್ ತಿಂಗಳ ದಾವಣಗೆರೆಯನ್ನು ಕಂಡವರಿಗೆ ಈ ಹಸಿರು ಅಲೌಕಿಕವೆನಿಸೀತು. ಮಧ್ಯಮನು ಹುಲ್ಲನ್ನು ತೆಗೆದುಬಿಡುತ್ತಾನೆ. ಅದರ ಜಾಗದಲ್ಲಿ ಮಂಜು ತರುತ್ತಾನೆ. ಪಾದಗಳು ಎರಡೂ ಯುಗಗಳಲ್ಲಿ ಅಗೋಚರ.

ಬಣ್ಣದಲ್ಲೂ ಇದೇ ಸ್ಥಿತ್ಯಂತರ. ಮೊದಲ ವರ್ಷದಲ್ಲಿ ನೆರಳೆಂದರೆ ಪೋಸ್ಟರ್ ಕಲರಿನ ಕಪ್ಪು ಬಾಟಲಿ. ನೆರಳಿನಲ್ಲಿ ನೇರಳೆ ಇರುತ್ತದೆ ಎಂದು ಯಾರೋ ಹಿರಿಯ ವಿದ್ಯಾರ್ಥಿ ಕ್ಯಾಂಟೀನಿನಲ್ಲಿ ಹೇಳಿದ ಮಾರನೆಯ ದಿನದಿಂದ ಮರದ ನೆರಳು, ಮೂಗಿನ ನೆರಳು, ಎಮ್ಮೆಯ ನೆರಳು, ಕೊನೆಗೆ ಎಮ್ಮೆಯೂ ನೇರಳೆ.

ಶಾಸ್ತ್ರಗಳು ಏನೆನ್ನುತ್ತವೆ? ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂದು ಚಿತ್ರಕ್ಕೆ ಆರು ಅಂಗಗಳು. ಇದನ್ನು ಹೇಳಿದವನು ಯಶೋಧರ, ಹೇಳಿದ್ದು ಕಾಮಸೂತ್ರದ ವ್ಯಾಖ್ಯಾನದಲ್ಲಿ. ಹೀಗಾಗಿ ಕಲಾ ಇತಿಹಾಸದ ಪರೀಕ್ಷೆಗೆ ಓದುವವರು ಮೂಲಗ್ರಂಥವನ್ನು ಗ್ರಂಥಾಲಯದಲ್ಲಿ ಕೇಳುವುದಿಲ್ಲ, ನೋಟ್ಸ್ ಜೆರಾಕ್ಸ್ ಮಾಡಿಸುತ್ತಾರೆ. ಸಾದೃಶ್ಯದ ಬಗ್ಗೆ ಪ್ರಾಯೋಗಿಕ ಸಾಕ್ಷ್ಯವೊಂದು ದೊರಕಿದೆ. ಹೆಡ್ ಸ್ಟಡಿಗೆ ಸಂತೆಯಿಂದ ಕರೆತಂದಿದ್ದ ಪೇಟದ ಅಜ್ಜನೊಬ್ಬ, ಕೂತಲ್ಲೇ ಒಂದು ನಿದ್ದೆ ತೆಗೆದು, ಕೂಲಿ ಎಣಿಸಿಕೊಂಡು, ಸಾಲಾಗಿ ಒರಗಿಸಿದ್ದ ಹಾಳೆಗಳನ್ನು ನೋಡುತ್ತಾ ಬಂದ. ಒಂದರ ಮುಂದೆ ನಿಂತು, ‘ಇದು ನಮ್ಮ ತಮ್ಮ. ಅವ್ನು ಸತ್ತು ಭಾಳ ವರ್ಷ ಆತು. ನಿಂಗೆಲ್ಲಿ ಸಿಕ್ಕಿದ್ನೋ ಮಗಾ?’ ಎಂದ. ಬರೆದವನು ಮಧ್ಯಮವರ್ಗದವನು, ‘ಬೇಕಂತ್ಲೇ ಅಜ್ಜ’ ಎಂದುಬಿಟ್ಟ. ಯಶೋಧರನಿಗೆ ಇಂಥ ಸಾದೃಶ್ಯ ಹೊಳೆದಿರಲಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರದ ಮಾತು ವಿಸ್ತಾರವಾಗಿ ಬರುತ್ತದೆ. ಭಿತ್ತಿಗೂ ಬಣ್ಣಕ್ಕೂ ಹಿಡಿತ ಕೊಡುವ ವಜ್ರಲೇಪವೆಂಬ ಅಂಟನ್ನು ಮಾಡಲು ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವ ತನಕ ಬೇಯಿಸಿ, ಕಡ್ಡಿ ಮಾಡಿ ಒಣಗಿಸಬೇಕೆಂದು ಅವನ ವಿಧಿ. ಬೆಣ್ಣೆ ಎಂಬ ಪದವನ್ನು ಗಮನಿಸಬೇಕು. ದೊರೆಯ ಮನಸ್ಸಿನಲ್ಲಿ ದಾವಣಗೆರೆ ಇತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಈಗಿನವರು ಎಮ್ಮೆಯ ಗೋಜಿಗೆ ಹೋಗದೆ, ಫೆವಿಕಾಲ್‌ಗೆ ಚಾಕ್ ಪುಡಿ ಕಲಸಿ ಕ್ಯಾನ್ವಾಸಿಗೆ ಬಳಿಯುತ್ತಾರೆ. ಬೆಣ್ಣೆ ಮಾತ್ರ ಬೇರೆ ದಾರಿಯಲ್ಲಿ ಒಳಬಂದಿದೆ. ದೋಸೆ ತಿಂದ ಕೈಯಲ್ಲಿ ಹಾಳೆ ಮುಟ್ಟಿದರೆ ಜಿಡ್ಡು ಕುಡಿದ ಕಾಗದ ಪಾರದರ್ಶಕವಾಗುತ್ತದೆ, ಕೆಳಗಿಟ್ಟ ಚಿತ್ರ ಮೇಲಕ್ಕೆ ಕಾಣುತ್ತದೆ. ಎಣ್ಣೆ ಹಚ್ಚಿ ನಕಲಿನ ಕಾಗದ ಮಾಡುವ ಈ ಉಪಾಯವನ್ನು ಮೇಲೆ ಹೇಳಿದ ಚೆನ್ನಿನಿಯೂ ಬರೆದಿಟ್ಟಿದ್ದಾನೆ, ಅವನು ಬಳಸಿದ್ದು ಅಗಸೆ ಎಣ್ಣೆ. ಹೆಂಚಿನ ಪಕ್ಕ ಕೂತು ಕಲಿತಿದ್ದರೆ ಹದಿಮೂರು ವರ್ಷ ಹಿಡಿಯುತ್ತಿರಲಿಲ್ಲ.

ದೂರದೃಷ್ಟಿ, ಅಂದರೆ ಪರ್ಸ್ಪೆಕ್ಟಿವ್, ಈ ಊರಿಗೆ ಕಾಲೇಜಿಗಿಂತ ಮುಂಚೆ ನಾಟಕದಿಂದ ಬಂತೆಂಬುದು ಪ್ರಬಂಧಕಾರನ ಊಹೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಕಂಪನಿ ನಾಟಕದ ಬೀದಿ ಪರದೆಯಲ್ಲಿ ರಸ್ತೆ ಒಂದು ಚುಕ್ಕಿಗೆ ಹೋಗಿ ಸೇರುತ್ತದೆ. ಪಾತ್ರಧಾರಿ ಮಾತಿನ ಭರದಲ್ಲಿ ಹಿಂದೆ ಹಿಂದೆ ಸರಿದು ಪರದೆಗೆ ತಾಗಿದರೆ ಎರಡಂತಸ್ತಿನ ಮನೆಗಿಂತ ಎತ್ತರವಾಗುತ್ತಾನೆ. ಆರಂಭಿಕರ ಬೀದಿ ಚಿತ್ರಗಳಲ್ಲಿ ದೂರದ ಮನುಷ್ಯ ಬಸ್ಸಿಗಿಂತ ದೊಡ್ಡವನಿರುವುದು ಈ ಪರಂಪರೆಯ ಮುಂದುವರಿಕೆ.

ಹೊರಾಂಗಣ ಸ್ಕೆಚ್ಚಿಗೆಂದು ಹರಿಹರಕ್ಕೆ ಹೋದಾಗ ವರ್ಗನಿರ್ಣಯ ನಿಜಕ್ಕೂ ಜಟಿಲವಾಗುತ್ತದೆ. ದಾವಣಗೆರೆಯಿಂದ ಸುಮಾರು 14 ಕಿ.ಮೀ. ಬೇಸಿಗೆಯ ತುಂಗಭದ್ರೆಯಲ್ಲಿ ನೀರಿಗಿಂತ ಮರಳು, ಬಂಡೆ ಹೆಚ್ಚು; ಆರಂಭಿಕನ ಹಾಳೆಯಲ್ಲಿ ಮಾತ್ರ ನದಿ ವರ್ಷವಿಡೀ ಕೋಬಾಲ್ಟ್ ನೀಲಿ. ಇದು ನಿರೀಕ್ಷಿತವೇ. ತೊಡಕು ಶುರುವಾಗುವುದು ಹರಿಹರೇಶ್ವರನ ಎದುರು. ಹೊಯ್ಸಳ ವೀರನರಸಿಂಹನ ದಂಡನಾಯಕ ಪೋಲಾಳ್ವ 1223–24ರಲ್ಲಿ ಕಟ್ಟಿಸಿದ ಗುಡಿ. 1268ರಲ್ಲಿ ಸೋಮ ದಂಡನಾಯಕ ಇನ್ನಷ್ಟು ಸೇರಿಸಿದ. ಒಳಗಿರುವ ದೇವರು ಬಲಕ್ಕೆ ಹರ, ಎಡಕ್ಕೆ ಹರಿ. ಆರಂಭಿಕನ ದೇವರ ಚಿತ್ರವಿಧಾನ ಜಗತ್ತಿಗೇ ಗೊತ್ತಿರುವುದು: ಹಾಳೆ ಮಡಚಿ ಅರ್ಧ ಗಣಪತಿ ಬರೆದು, ಉಜ್ಜಿ, ಬಿಡಿಸಿದರೆ ಪೂರ್ತಿ ಗಣಪತಿ. ಹರಿಹರನಲ್ಲಿ ಈ ಮಡಿಕೆ ನಡೆಯುವುದಿಲ್ಲ. ಬಲಗಡೆ ಬರೆದು ಮಡಚಿದರೆ ಹರಹರ, ಎಡಗಡೆ ಬರೆದು ಮಡಚಿದರೆ ಹರಿಹರಿ. ಜಟೆಯ ಅರ್ಧಕ್ಕೂ ಕಿರೀಟದ ಅರ್ಧಕ್ಕೂ ಬೇರೆ ಬೇರೆ ನೋಡಬೇಕು, ಆದರೂ ಮುಖ ಒಂದೇ ಆಗಬೇಕು. ಇಂಥ ಮೂರ್ತಿಯನ್ನು ಪ್ರತಿಷ್ಠಾಪಿಸಿದವರ ಉದ್ದೇಶ ಶೈವ ವೈಷ್ಣವರ ಸಮನ್ವಯವೆಂದು ಇತಿಹಾಸಕಾರರು ತಿಳಿದಿದ್ದಾರೆ. ಮಡಚಿ ಬರೆಯುವವರನ್ನು ಹಿಡಿಯುವುದೇ ಉದ್ದೇಶವಾಗಿತ್ತೆಂದು ನಮ್ಮ ಮತ.

ಅದೇ ಗುಡಿಯ ಮಂಟಪದ ಕಂಬಗಳು ಕಡೆದ ಕಂಬಗಳು, ತಿರುಗಣಿಗೆ ಕೊಟ್ಟು ನುಣುಪು ಮಾಡಿದಂಥವು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹೆಸರು ಮಾಡಿದ್ದು ಲೇತ್ ಯಂತ್ರಗಳಿಗೆ. ಎರಡೂ ಒಂದೇ ಊರು, ಎರಡೂ ತಿರುಗಿಸಿ ಕಡೆಯುವ ವಿದ್ಯೆ. ಪೋಲಾಳ್ವ ಕಂಬಗಳನ್ನು ಎಲ್ಲಿ ಮಾಡಿಸಿದನೆಂಬುದು ಇದರಿಂದ ಸ್ಪಷ್ಟ. ನಡುವಿನ 717 ವರ್ಷಗಳ ಅಂತರವೊಂದನ್ನು ಬಿಟ್ಟರೆ ಸಾಕ್ಷ್ಯ ಸಂಪೂರ್ಣವಾಗಿದೆ. ಕಂಬದ ಮುಂದೆ ಕೂತ ವಿದ್ಯಾರ್ಥಿಗೆ ಮಾತ್ರ ಇತಿಹಾಸ ಬೇಕಿಲ್ಲ. ಒಂದೊಂದು ಬಳೆಯೂ ಒಂದೊಂದು ಅಂಡಾಕಾರ: ಕಣ್ಣಿಗಿಂತ ಮೇಲಿನವು ಮೇಲಕ್ಕೆ ಬಾಗುತ್ತವೆ, ಕೆಳಗಿನವು ಕೆಳಕ್ಕೆ, ಕಣ್ಣಿನ ಮಟ್ಟದ್ದೊಂದು ನೆಟ್ಟಗೆ ಗೆರೆ. ಮೊದಲ ವರ್ಷ ಬಿಟ್ಟು ಬಂದೆನೆಂದುಕೊಂಡ ಮಡಕೆ ಇಲ್ಲಿ ಕಲ್ಲಾಗಿ ಒಂದರ ಮೇಲೊಂದು ಕೂತಿರುತ್ತದೆ. ಇಲ್ಲಿ ‘ಬೇಕಂತ್ಲೇ’ ಎಂದರೆ ಪಕ್ಕದಲ್ಲಿ ತೆಂಗಿನಕಾಯಿ ಹಿಡಿದು ನಿಂತ ಭಕ್ತರೂ ನಗುತ್ತಾರೆ.

ಈಗ ಒಂದು ಆಕ್ಷೇಪ, ಪ್ರಾಮಾಣಿಕತೆಯ ದೃಷ್ಟಿಯಿಂದ ದಾಖಲಿಸುತ್ತಿದ್ದೇವೆ. ಸೆಮಿಸ್ಟರ್ ಕೊನೆಯ ಡಿಸ್‌ಪ್ಲೇ ದಿನ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಎರಡನೇ ವರ್ಷದ ಹುಡುಗನ ಚಿತ್ರದ ಮುಂದೆ ನಿಂತರು. ಹೆಂಗಸೊಬ್ಬಳು ಮಂಡಕ್ಕಿ ಮಾರುತ್ತಿದ್ದಾಳೆ. ಹುಲ್ಲಿಲ್ಲ, ಮಂಜಿಲ್ಲ, ಎರಡು ಕೈಯೂ ಎದುರಿಗಿವೆ. ಆದರೆ ಬೆರಳುಗಳು ಬಾಳೆಯ ಚಿಪ್ಪು.

‘ಕೈ ಯಾಕೆ ಹಿಂಗಿದೆ?’

‘ಬೇಕಂತ್ಲೇ ಮಾಡಿದ್ದು ಸಾರ್. ಡಿಸ್ಟಾರ್ಶನ್.’

ಪರೀಕ್ಷಕರು ಬೈಯಲಿಲ್ಲ. ಚಾರ್ಕೋಲ್ ಕಡ್ಡಿ ಎತ್ತಿ ಅವನ ಕೈಗೆ ಕೊಟ್ಟರು. ‘ಸರಿ. ಹಂಗಾದ್ರೆ ಬೇಕಂತ್ಲೇ ಸರಿಯಾಗಿ ಒಂದು ಬರಿ, ನೋಡೋಣ.’

ಹುಡುಗ ತನ್ನ ಎಡಗೈಯನ್ನೇ ಮುಂದಿಟ್ಟುಕೊಂಡು ಬರೆಯತೊಡಗಿದ. ಮಣಿಕಟ್ಟು ಬಂತು. ಹೆಬ್ಬೆರಳು ಬುಡದ ದಪ್ಪ ಮಾಂಸದ ಸಮೇತ ಬಂತು, ಉಗುರಿನ ತಿರುವೂ ಸರಿಯಿತ್ತು. ತೋರುಬೆರಳು ನೋಡುವವನ ಕಡೆಗೆ ಚಾಚಿತ್ತು. ಉದ್ದವೆಂದು ಗೊತ್ತಿದ್ದ ಬೆರಳು ಗಿಡ್ಡವಾಗಿ ಕಾಣುತ್ತಿತ್ತು. ಅಲ್ಲಿ ಅವನು ನಿಂತ, ಉಜ್ಜಿದ, ಮತ್ತೆ ಎಳೆದ, ಮತ್ತೆ ಉಜ್ಜಿದ. ಕೊನೆಗೆ, ‘ಇದೊಂದ್ ಬೆರಳು ಬರ್ಲಿಲ್ಲ ಸಾರ್’ ಎಂದ.

ಹೆಬ್ಬೆರಳಿನ ಮಟ್ಟಿಗೆ ಮಧ್ಯಮನೂ ತೋರುಬೆರಳಿನ ಮಟ್ಟಿಗೆ ಆರಂಭಿಕನೂ ಆದ ಇಂಥವನನ್ನು ಯಾವ ಸಾಲಿಗೆ ಹಾಕುವುದೆಂದು ಪ್ರಬಂಧಕಾರನು ಪರೀಕ್ಷಕರನ್ನೇ ಕೇಳಿದ. ಅವರು ಉತ್ತರಿಸದೆ ಹುಡುಗನ ಕಡೆ ತಿರುಗಿ, ‘ನಾಳೆ ಬೆಳಿಗ್ಗೆ ಇಪ್ಪತ್ತು ಬೆರಳು ಬರ್ಕೊಂಡ್ ಬಾ, ಎಲ್ಲಾ ನಿನ್ನ ಕಡೆಗೇ ತೋರಿಸ್ತಿರಬೇಕು’ ಎಂದು ಮುಂದಿನ ಚಿತ್ರಕ್ಕೆ ಹೋದರು. ಸಿದ್ಧಾಂತಕ್ಕೆ ಅನುಕೂಲವಿಲ್ಲದ ಕಾರಣ ಈ ಸಾಕ್ಷ್ಯವನ್ನು ಅನುಬಂಧಕ್ಕೆ ವರ್ಗಾಯಿಸಲಾಗಿದೆ. ಅನುಬಂಧವನ್ನು ಮುದ್ರಿಸುತ್ತಿಲ್ಲ.