ಎಕ್ಸ್‌ಟೆನ್ಷನ್ ಮೀಮಾಂಸೆ: ಬೋಲಿಂಗ್‌ಬ್ರೂಕ್ ಪಾಠಾಂತರ

ಶಾಸ್ತ್ರಕ್ಕೆ ಮೊದಲು ಶಬ್ದನಿರ್ಣಯ ಆಗಬೇಕು. ಬೆಂಗಳೂರಿನ ಹಳಬರಿಗೆ ಎಕ್ಸ್‌ಟೆನ್ಷನ್ ಎಂದರೆ ಬಡಾವಣೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಕಂಗಾಲಾದಾಗ ಹುಟ್ಟಿದವು ಮಲ್ಲೇಶ್ವರ, ಬಸವನಗುಡಿ. ಬ್ರೌಸರಿಗೆ ಅಂಟಿಸಿಕೊಳ್ಳುವ ಪುಟ್ಟ ತಂತ್ರಾಂಶವಾದ ಎಕ್ಸ್‌ಟೆನ್ಷನ್ನೂ ಉಪದ್ರವದಿಂದಲೇ ಹುಟ್ಟಿತೆಂಬುದು ಪ್ರಸ್ತುತ ಸಂಶೋಧಕನ ಮತ. ಅಲ್ಲಿ ಇಲಿ, ಇಲ್ಲಿ ಬಗ್. 2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸಿಗೆ ಬರೆದ ಎಕ್ಸ್‌ಟೆನ್ಷನ್ನಿಗೆ ಫೈರ್‌ಬಗ್ ಎಂದೇ ಹೆಸರಿದ್ದದ್ದು ಇದಕ್ಕೆ ಶಾಸನಸಮಾನ ಆಧಾರ. 2017ರಲ್ಲಿ ಅದು ಬ್ರೌಸರಿನದೇ ಡೆವಲಪರ್ ಟೂಲ್ಸ್‌ನಲ್ಲಿ ಲೀನವಾಯಿತು, ಬಸವನಗುಡಿ ಊರೊಳಗೇ ಸೇರಿಹೋದ ಹಾಗೆ.

ಇನ್ನು ಕ್ಷೇತ್ರಮಹಿಮೆ. ಬೋಲಿಂಗ್‌ಬ್ರೂಕ್ ಎಂಬುದು ಶಿಕಾಗೋದ ಎಕ್ಸ್‌ಟೆನ್ಷನ್. 1965ರಿಂದ ಕಾಗದಪತ್ರಗಳಲ್ಲಿ ಇದು ‘ವಿಲೇಜ್’. 2020ರ ಜನಗಣತಿಯಲ್ಲಿ 73,000 ದಾಟಿದ ಗ್ರಾಮ. ಪಟೇಲರಿಲ್ಲ, ಮೇಯರ್ ಇದ್ದಾರೆ. ಚಿತ್ರ-ಅಕ್ಷರಗಳನ್ನು ಒಂದೇ ಪುಟದಲ್ಲಿ ಕೂರಿಸಿ ಜಾಲವನ್ನು ಜನಪ್ರಿಯಗೊಳಿಸಿದ ಮೊಸಾಯಿಕ್ ಬ್ರೌಸರ್ 1993ರಲ್ಲಿ ಹೊರಬಿದ್ದದ್ದು ಇದೇ ಇಲಿನಾಯ್ ರಾಜ್ಯದ ಅರ್ಬಾನಾ-ಶಾಂಪೇನ್ ವಿಶ್ವವಿದ್ಯಾಲಯದಿಂದ. ಅಂದರೆ ನಮ್ಮ ಗೋಷ್ಠಿ ನಡೆದದ್ದು ಬ್ರೌಸರಿನ ತವರುಸೀಮೆಯಲ್ಲಿ, ಒಂದು ಬೇಸ್‌ಮೆಂಟಿನಲ್ಲಿ, ಬಿಸಿಬೇಳೆಬಾತಿನ ಸಮಕ್ಷಮ. ವಿಷಯ: ಕನ್ನಡ ಕೂಟದ ರಾಜ್ಯೋತ್ಸವದ ವೆಬ್‌ಸೈಟು. ಸಮಿತಿಯಲ್ಲಿ ಐವರೂ ಸಾಫ್ಟ್‌ವೇರಿನವರು. ಕೆಲಸ ತಡವಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮೊದಲ ವಿವಾದ ವರ್ಣಾಶ್ರಿತ. ಮ. ರಾಮಮೂರ್ತಿಯವರು ಕೊಟ್ಟ ಕನ್ನಡ ಬಾವುಟದಂತೆ ಹಳದಿಯ ಮೇಲೆ ಕೆಂಪಕ್ಷರ ಬರೆದೆವು. ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ಸಂಸ್ಥೆಯ ‘ವೇವ್’ ಎಂಬ ಎಕ್ಸ್‌ಟೆನ್ಷನ್ ಒತ್ತಿದ ಕೂಡಲೇ ಪುಟದ ತುಂಬ ಎಚ್ಚರಿಕೆಯ ಚಿಹ್ನೆಗಳು. ಕಣ್ಣು ಮಂದವಾದವರೂ ಓದಬೇಕಾದರೆ ಸಣ್ಣಕ್ಷರಕ್ಕೆ ಹಿನ್ನೆಲೆಯೊಡನೆ 4.5ಕ್ಕೆ 1ರ ಹೊಳಪಿನ ಅಂತರ ಬೇಕು. ಅಚ್ಚ ಹಳದಿಯ ಮೇಲಿನ ಅಚ್ಚ ಕೆಂಪಿಗೆ ಸಿಕ್ಕುವುದು 3.7. ಕನ್ನಡಾಭಿಮಾನ ನಪಾಸು! ಉಪಾಧ್ಯಕ್ಷರು ಇದನ್ನು ಹೊರರಾಜ್ಯದ ಪಿತೂರಿ ಎಂದರು. ಆದರೆ ದೊಡ್ಡ ಅಕ್ಷರಕ್ಕೆ 3 ಸಾಕು ಎಂಬ ವಿನಾಯಿತಿ ಅದೇ ನಿಯಮದಲ್ಲಿದೆ. ಅಭಿಮಾನವನ್ನು ದಪ್ಪಕ್ಷರದಲ್ಲೇ ತೋರಿಸಬೇಕೆಂಬುದು ನಮ್ಮಲ್ಲಿ ಮೊದಲಿಂದ ಇದ್ದ ಪದ್ಧತಿಯೇ. ಸಣ್ಣಕ್ಷರಕ್ಕೆ ಕೆಂಪನ್ನು ಕುಂಕುಮಕ್ಕೆ ಇಳಿಸಿದೆವು. ಅಂತರ 6ಕ್ಕೆ ಏರಿತು.

ಎರಡನೆಯದು ಒತ್ತಕ್ಷರ ಪ್ರಕರಣ. ಪುಟದ ಅಳತೆಯನ್ನೆಲ್ಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ತೆಗೆದಿದ್ದರು. ಇಂಗ್ಲಿಷಿಗೆ ಕೆಲವು ಬಾಲಗಳನ್ನು ಬಿಟ್ಟರೆ ಕೆಳಮನೆ ಇಲ್ಲ. ನಮ್ಮ ಅರ್ಧ ಸಂಸಾರ ಕೆಳಮನೆಯಲ್ಲೇ. ಸಾಲಿನ ಎತ್ತರ ಸಾಲದೆ ಒತ್ತುಗಳೆಲ್ಲ ಕತ್ತರಿಸಿ, ತಲೆಬರಹ ‘ಕನಡ ರಾಜೋತವ’ ಎಂದಾಯಿತು. ಡೆಟ್ರಾಯಿಟ್ ಕಡೆಯ ನೆಂಟರೊಬ್ಬರು ಇದು ನದಿಯಾಚೆಯ ಕೆನಡಾದವರ ಕಾರ್ಯಕ್ರಮವೇ ಎಂದು ಕೇಳಿದರು. ಅವರದು ತಪ್ಪಲ್ಲ, ಅವರ ಮನೆಗೆ ಅದೇ ಹತ್ತಿರ. ಅಳತೆಪಟ್ಟಿಯ ಎಕ್ಸ್‌ಟೆನ್ಷನ್ ಹಾಕಿ ಕೂದಲೆಳೆ ಕೂದಲೆಳೆ ಅಳೆದು, ಎತ್ತರ ತಿದ್ದಿ, ಚಪ್ಪಾಳೆ ತಟ್ಟಿ, ಪುಟ ರಿಫ್ರೆಶ್ ಮಾಡಿದೆವು. ಮತ್ತೆ ‘ಕನಡ’. ತಿದ್ದಿದ್ದು ನಮ್ಮ ಕಣ್ಣೆದುರಿನ ಪುಟವನ್ನೇ ಹೊರತು ಸರ್ವರಿನಲ್ಲಿದ್ದ ಫೈಲನ್ನಲ್ಲ. ಶಂಕರರು ಮಾಯೆಯನ್ನು ವಿವರಿಸಲು ಹಗ್ಗ, ಹಾವು ಹುಡುಕಬೇಕಾಯಿತು. ಇಂದಾಗಿದ್ದರೆ ಎಫ್5 ಕೀಲಿ ಸಾಕಿತ್ತು.

ಮೂರನೆಯದೇ ಈ ಪ್ರಬಂಧದ ಜೀವ. ಊಟದ ಖರ್ಚು ವಹಿಸಿದ್ದ ಪ್ರಾಯೋಜಕರ ಫೋನು ಬಂತು: “ನನ್ನ ಬ್ಯಾನರ್ ಎಲ್ರೀ? ಮಗನ ಲ್ಯಾಪ್‌ಟಾಪಲ್ಲಿ ನೋಡಿದೆ, ಇಲ್ವೇ ಇಲ್ಲ!” ನಾವೂ ನೋಡಿದೆವು. ನಿಜ, ಇರಲಿಲ್ಲ. ಐವರೂ ಒಬ್ಬರಿಗೊಬ್ಬರು ಹೇಳದೆ, ಉಪಕಾರಬುದ್ಧಿಯಿಂದ, ಪುಟದಲ್ಲಿ ಅದಕ್ಕೆಂದೇ ಮಾಡಿಟ್ಟಿದ್ದ ಡಬ್ಬದೊಳಗೆ ಬ್ಯಾನರನ್ನು ಮತ್ತೊಮ್ಮೆ ಸೇರಿಸಿದರು. ಕಾಣಲಿಲ್ಲ. ಮೂರು ರಾತ್ರಿ ಕಾಣಲಿಲ್ಲ. ಪೂರ್ವಪಕ್ಷವಾಗಿ ಸರ್ವರ್ ದೋಷ, ಕ್ಯಾಶೆ ದೋಷ, ಕಡೆಗೆ ರಾಹುಕಾಲವೂ ಚರ್ಚೆಗೆ ಬಂದವು.

ಸಿದ್ಧಾಂತ ಹೊಳೆದದ್ದು ಇನ್‌ಕಾಗ್ನಿಟೊ ಕಿಟಕಿಯಲ್ಲಿ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಬನ್ನಿಮರದ ಮೇಲಿಟ್ಟರಷ್ಟೆ. ಕ್ರೋಮ್ ಕೂಡ, ನೀವಾಗಿ ಅಪ್ಪಣೆ ಕೊಡದಿದ್ದರೆ, ಎಕ್ಸ್‌ಟೆನ್ಷನ್‌ಗಳನ್ನು ಹೊರಗೇ ಬಿಟ್ಟು ಈ ಕಿಟಕಿಯೊಳಗೆ ಬರುತ್ತದೆ. ಬಿಟ್ಟುಬಂದ ಆಯುಧಗಳಲ್ಲಿ ಐವರಿಗೂ ಒಂದು ಸಾಮಾನ್ಯವಾಗಿತ್ತು: ಜಾಹೀರಾತು ತಡೆಯುವ ಆ್ಯಡ್‌ಬ್ಲಾಕರ್. ನಮ್ಮ ಡಬ್ಬಕ್ಕೆ ನಾವೇ ಇಟ್ಟಿದ್ದ ಹೆಸರು ‘ಆ್ಯಡ್-ಬ್ಯಾನರ್’; ಆ ಹೆಸರು ಕಂಡರೆ ಮರೆಮಾಡುವುದು ಅದರ ಧರ್ಮ. ಮಗನ ಲ್ಯಾಪ್‌ಟಾಪಿನಲ್ಲೂ ಅದೇ ಇತ್ತು.

ಅಜ್ಞಾತವಾಸದಲ್ಲಿ ಪುಟ ತೆರೆದಾಗ ಪ್ರಾಯೋಜಕರು ಒಬ್ಬರ ಕೆಳಗೊಬ್ಬರಂತೆ ಆರು ಮಂದಿ ನಗುತ್ತಿದ್ದರು.

ಮೈಸೂರಿನಿಂದ ಆರು ತಿಂಗಳಿಗೆ ಬಂದಿದ್ದ ಖಜಾಂಚಿಯವರ ಅತ್ತೆ ತಮ್ಮ ಹಳೆಯ ಐಪ್ಯಾಡಿನಿಂದ ತಲೆಯೆತ್ತಿ ಹೇಳಿದರು: “ಅಯ್ಯೋ, ನನಗೆ ಮೊದಲ ದಿನದಿಂದ್ಲೂ ಕಾಣ್ತಿತ್ತಲ್ಲೋ. ದಿನಕ್ಕೊಂದೆರಡು ಫೋಟೊ ಜಾಸ್ತಿ ಆಗ್ತಾ ಬಂತು. ಪಾಪ, ಪುಣ್ಯಾತ್ಮ, ಮತ್ತೆ ಮತ್ತೆ ದುಡ್ಡು ಕೊಡ್ತಿದಾನೆ ಅಂದ್ಕೊಂಡೆ.”