ತಕಾವೊ ಪರ್ವತಾರೋಹಣ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಶಾಸ್ತ್ರಕ್ಕೆ ಅಧಿಕಾರಿ, ಟೋಕಿಯೊ ನೋಡಲು ಬಂದು ಅಲ್ಲಿನ ಜನಜಂಗುಳಿಯಿಂದ ವೈರಾಗ್ಯ ಹುಟ್ಟಿದ ಪ್ರವಾಸಿ. ವಿಷಯ, ಮಹಾನಗರದ ಪಶ್ಚಿಮದಂಚಿನ ತಕಾವೊ ಬೆಟ್ಟ. ಸಂಬಂಧ, ಶಿಂಜುಕುವಿನಿಂದ ಸುಮಾರು ಒಂದು ಗಂಟೆಯಲ್ಲಿ ಬೆಟ್ಟದ ಬುಡ ಮುಟ್ಟಿಸುವ ಕೇಯೊ ರೈಲು. ಪ್ರಯೋಜನ, ಏಕಾಂತ. ಇವುಗಳಲ್ಲಿ ಮೊದಲ ಮೂರು ನಿರ್ವಿವಾದ.

ಇಲ್ಲಿ ಪೂರ್ವಪಕ್ಷ: ತಕಾವೊ ಬೆಟ್ಟವೇ ಅಲ್ಲ. ಅದರ ಎತ್ತರ 599 ಮೀಟರ್. ಅದೇ ಊರಿನ ಸ್ಕೈಟ್ರೀ ಗೋಪುರದ್ದು 634. ಬೆಟ್ಟ ಹತ್ತಿಯೂ ಊರಿನ ಕಬ್ಬಿಣಕ್ಕಿಂತ ಕೆಳಗೇ ಉಳಿಯುವವನನ್ನು ಆರೋಹಿ ಎನ್ನುವುದು ಹೇಗೆ? ಸಮಾಧಾನ: ಗೋಪುರದಲ್ಲಿ ಜನರನ್ನು ಬಿಡುವುದು 450 ಮೀಟರಿನವರೆಗೆ ಮಾತ್ರ. ಅದರ ಮೇಲಿನದ್ದು ಆಂಟೆನಾಗಳ ಆರೋಹಣ, ಮನುಷ್ಯರದ್ದಲ್ಲ. ಆದ್ದರಿಂದ ತಕಾವೊ 149 ಮೀಟರಿನಷ್ಟು ಬೆಟ್ಟವೇ ಹೌದು.

ಆರೋಹಿಗಳಲ್ಲಿ ಮೂರು ಮತ. ಹಳ್ಳದ ನೀರಿನಲ್ಲೇ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಆರನೇ ದಾರಿಯಲ್ಲಿ ಹತ್ತುವವರು ದ್ವೈತಿಗಳು. ತಾವು ಬೇರೆ, ಬೆಟ್ಟ ಬೇರೆ ಎಂಬುದು ಅವರಿಗೆ ಹೆಜ್ಜೆಹೆಜ್ಜೆಗೂ, ವಿಶೇಷವಾಗಿ ಮೊಣಕಾಲಿನಲ್ಲಿ, ಅನುಭವವೇದ್ಯ. ಕೇಬಲ್ ಕಾರಿನವರು ವಿಶಿಷ್ಟಾದ್ವೈತಿಗಳು. 1927ರಿಂದ ಓಡುತ್ತಿರುವ ಈ ವಾಹನ ಒಂದೆಡೆ 31 ಡಿಗ್ರಿಗೂ ಮೀರಿ ಕಡಿದಾಗಿ ಏರುತ್ತದೆ; ಜಪಾನಿನ ಕೇಬಲ್ ರೈಲುಗಳಲ್ಲೇ ಇಷ್ಟು ಕಡಿದು ಇನ್ನೊಂದಿಲ್ಲ. ಆದರೆ ಶಿಖರ ಮುಟ್ಟಿಸದೆ 472 ಮೀಟರಿನಲ್ಲಿ ಇಳಿಸಿಬಿಡುತ್ತದೆ: ಕೃಪೆಯುಂಟು, ಉಳಿದದ್ದು ಸ್ವಪ್ರಯತ್ನ. ಅದ್ವೈತಿಗಳು ತಪ್ಪಲಿನ ಅಂಗಡಿಯಲ್ಲೇ ಕುಳಿತು ‘ಹತ್ತುವುದೂ ಮಾಯೆ’ ಎನ್ನುತ್ತ ಬಿಯರ್ ಕುಡಿಯುತ್ತಾರೆ. ಇವರೊಡನೆ ವಾದ ಹೂಡಿ ಗೆದ್ದವರಿಲ್ಲ.

ಒಂದನೇ ದಾರಿ ಬಹುಪಾಲು ಕಾಂಕ್ರೀಟು. ನಡುವೆ ಅದು ಕವಲೊಡೆದು ‘ಗಂಡು ಏರು’, ‘ಹೆಣ್ಣು ಏರು’ ಎಂದಾಗುತ್ತದೆ. ಗಂಡು ಏರಿಗೆ 108 ಮೆಟ್ಟಿಲು, ಮನುಷ್ಯನ ಕ್ಲೇಶಗಳೆಷ್ಟೋ ಅಷ್ಟು. ಹೆಣ್ಣು ಏರು ಬಳಸಿಕೊಂಡು ನಿಧಾನವಾಗಿ ಸಾಗುತ್ತದೆ. ಎರಡೂ ಮುಂದೆ ಒಂದೇ ಕಡೆ ಕೂಡುತ್ತವೆ; ಗಂಡು ಏರಿನವರು ಅಲ್ಲಿ ಸೊಂಟ ಹಿಡಿದು ನಿಂತಿರುವುದರಿಂದ ಗುರುತು ಹಿಡಿಯುವುದು ಸುಲಭ. ಸ್ವಲ್ಪ ಮೇಲೆ 744ರಲ್ಲಿ ಸ್ಥಾಪಿತವಾಯಿತೆನ್ನುವ ಯಾಕುಓ-ಇನ್ ದೇವಾಲಯ. ಅಲ್ಲಿ ನಿತ್ಯವೂ ಹೋಮ ನಡೆಯುತ್ತದೆ. ಹೊಗೆ ಕಂಡ ಕನ್ನಡಿಗ ಪ್ರವಾಸಿ ಅಭ್ಯಾಸಬಲದಿಂದ ಪ್ರಸಾದವೆಲ್ಲಿ ಎಂದು ಕಣ್ಣಾಡಿಸುತ್ತಾನೆ. ಬಾಗಿಲಲ್ಲಿ ಉದ್ದ ಮೂಗಿನ ತೆಂಗು ಎಂಬ ಗಣಗಳು. ಆ ಮೂಗಿಗೂ ಅಹಂಕಾರಕ್ಕೂ ಜಪಾನೀಯರು ನಂಟು ಹೇಳುತ್ತಾರೆ. ಹೊಸ ಟ್ರೆಕ್ಕಿಂಗ್ ಬೂಟು ಹಾಕಿಕೊಂಡು ಬಂದವರು ಈ ವಿಗ್ರಹಗಳ ಮುಂದೆ ಹೆಚ್ಚು ಹೊತ್ತು ನಿಲ್ಲದಿರುವುದು ಕ್ಷೇಮ.

ಇನ್ನು ಪ್ರಯೋಜನದ ಪ್ರಶ್ನೆ. ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಜನ ಈ ಬೆಟ್ಟಕ್ಕೆ ಬರುತ್ತಾರೆಂಬುದು ಪ್ರಚಲಿತ ಲೆಕ್ಕ. ಮಿಶೆಲಿನ್ ಪ್ರವಾಸಿ ಕೈಪಿಡಿ ಮೂರು ನಕ್ಷತ್ರ ಕೊಟ್ಟ ಮೇಲಂತೂ ವಿದೇಶಿ ಅಧಿಕಾರಿಗಳೂ ಸೇರಿಕೊಂಡರು. ಹಾಗಾದರೆ ಏಕಾಂತವೆಲ್ಲಿ? ಸೂಕ್ಷ್ಮವಾಗಿ ನೋಡಬೇಕು. ರೈಲಿನಲ್ಲಿ ಭುಜಕ್ಕೆ ಭುಜ ತಾಗಿ ನಿಂತರೂ ತುಟಿ ಬಿಚ್ಚದಿದ್ದ ಅದೇ ಟೋಕಿಯೊ ಜನ, ಬೆಟ್ಟದ ದಾರಿಯಲ್ಲಿ ಎದುರಾದವರಿಗೆ ‘ಕೊನ್ನಿಚಿವಾ’ ಎನ್ನುತ್ತಾರೆ. ನೂರು ಜನ ಎದುರಾದರೆ ನೂರು ಸಲ ಮರುನಮಸ್ಕಾರ. ಇದರಿಂದ ಸಿದ್ಧಾಂತ: ಏಕಾಂತ ಬೇಕಿದ್ದವನು ರೈಲಿನಿಂದ ಇಳಿಯಬಾರದಿತ್ತು.

ಶಿಖರದಲ್ಲಿ ಸಾಲುಗಟ್ಟಿ ನಿಂತು ಫ್ಯೂಜಿಯ ದರ್ಶನ, ಅದೂ ಮೋಡ ಒಪ್ಪಿದರೆ. ಆಮೇಲೆ ತುರಿದ ಗೆಣಸಿನ ಲೋಳೆ ಸುರಿದ ಸೋಬಾ ಶ್ಯಾವಿಗೆ. ಸಸ್ಯಾಹಾರಿಗಳು ಗಮನಿಸಬೇಕು: ಅದರ ಸಾರಿನ ಮೂಲದಲ್ಲಿ ಸಾಮಾನ್ಯವಾಗಿ ಒಣಮೀನಿದೆ. ಈ ಸೂತ್ರಕ್ಕೆ ಚಟ್ನಿಪುಡಿ-ಚಪಾತಿಯೇ ಭಾಷ್ಯ.

ಫಲಶ್ರುತಿ. ವಾರದ ನಡುವೆ ಹತ್ತುವವನಿಗೆ ಸೋಬಾ ಅಂಗಡಿಯಲ್ಲಿ ಕೂರಲು ಜಾಗ ಸಿಗುತ್ತದೆ. ನವೆಂಬರಿನ ಭಾನುವಾರ ಮೇಪಲ್ ನೋಡಹೋದವನಿಗೆ ಮುಂದಿನವನ ಬೆನ್ನುಚೀಲದ ದರ್ಶನವಾಗುತ್ತದೆ. ಡಿಸೆಂಬರಿನ ಕೊನೆಯ ಭಾಗದಲ್ಲಿ ಹೋದವನು ಸೂರ್ಯ ಫ್ಯೂಜಿಯ ನೆತ್ತಿಯ ಮೇಲೇ ಮುಳುಗುವುದನ್ನು ಕಾಣುತ್ತಾನೆ, ನಡುವೆ ಮೊಬೈಲುಗಳಿಲ್ಲದಿದ್ದರೆ. ಈ ಮೀಮಾಂಸೆಯನ್ನು ರೈಲಿನಲ್ಲಿ ಓದುತ್ತ ಕುಳಿತವನಿಗೂ ಇಳಿಯುವ ಜಾಗ ದಾಟಿಹೋಗುವ ಭಯವಿಲ್ಲ. ತಕಾವೊಸಾಂಗುಚಿ ಆ ಮಾರ್ಗದ ಕೊನೆಯ ನಿಲ್ದಾಣ. ಹೆಸರು ನಂಬಿ ಅದರ ಹಿಂದಿನ ‘ತಕಾವೊ’ದಲ್ಲೇ ಇಳಿದವನಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ, ಮುಂದಿನ ರೈಲು ಹೇಳಿದೆ.